ಎಲೆ ಬಾಡಿದೆ ಅಂತ ಔಷಧಿ ಹೊಡೆಯುವ ಮುನ್ನ ಬುಡ ನೋಡಿ

ಮರದ ಎಲೆ ಹಳದಿಯಾದ ಕೂಡಲೇ ಶಿಲೀಂಧ್ರನಾಶಕ ಹೊಡೀಬೇಡಿ, ದಯವಿಟ್ಟು. ಹಳದಿಗೆ ಕಾರಣ ಹಲವು. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ, ರೋಗವಲ್ಲ.

ಎಲೆ ಮೇಲೆ ಬಿಳಿ ಪುಡಿ ಉದುರಿಸಿದ ಹಾಗಿದ್ದರೆ ಬೂದಿ ರೋಗ. ಕಪ್ಪು ಮಸಿ ಬಳಿದಂತಿದ್ದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆಯೇ? ಹಾಗಿದ್ದರೆ ರಸ ಹೀರುವ ಕೀಟದ ಅಂಟಿನ ಮೇಲೆ ಬೆಳೆದ ಬೂಷ್ಟು. ಎಲೆ ಮಗುಚಿ ಹಿಟ್ಟು ತಿಗಣೆ, ಸಸ್ಯಹೇನು ಹುಡುಕಿ, ಮೊದಲು ಅವನ್ನು ನಿಯಂತ್ರಿಸಿ.

ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಬುಡದ ರೋಗ. ನೆಲ ತೇವವಿದ್ದರೂ ಮರ ಸೊರಗುತ್ತಿದ್ದರೆ ಬೇರು ಕೊಳೆತಿರಬಹುದು. ಬುಡದ ಮಣ್ಣು ಸರಿಸಿ ಒಂದು ಸಣ್ಣ ಬೇರು ಹಿಡಿದು ಎಳೆಯಿರಿ. ಸಿಪ್ಪೆ ಕಳಚಿ ಕೈಗೆ ಬಂದು ಒಳಗೆ ದಾರದಂಥ ನಾರು ಮಾತ್ರ ಉಳಿದರೆ ಕೊಳೆತಿದೆ ಎಂದೇ ಅರ್ಥ. ನೀರು ಹಾಯಿಸುವುದನ್ನು ನಿಲ್ಲಿಸಿ, ಬಸಿಗಾಲುವೆ ತೆಗೆಯಿರಿ. ಕಾಂಡದಲ್ಲಿ ತಟ್ಟೆಯಂಥ ಅಣಬೆ ಎದ್ದಿದ್ದರೆ ಒಳಗಿನ ತಿರುಳು ಆಗಲೇ ಶಿಥಿಲ. ಅಂಥ ಮರದ ಕೆಳಗೆ ಮಕ್ಕಳನ್ನು ಬಿಡಬೇಡಿ, ತಿಳಿದವರಿಗೆ ತೋರಿಸಿ.

ರೆಂಬೆ ತುದಿಯಿಂದ ಒಣಗುತ್ತಿದೆಯೇ? ಉಗುರಿನಿಂದ ತೊಗಟೆ ಕೆರೆದು ನೋಡಿ. ಕಂದು ಮುಗಿದು ಹಸಿರು ಸಿಕ್ಕ ಜಾಗದಿಂದ ಇನ್ನೂ ಒಂದು ಗೇಣು ಕೆಳಗೆ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಶಿಲೀಂಧ್ರ ತಡೆಯುವ ಲೇಪವಾದ ಬೋರ್ಡೊ ಪೇಸ್ಟ್ ಹಚ್ಚಿ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು. ಲೋಹದ ಪಾತ್ರೆ ಬೇಡ, ಪ್ಲಾಸ್ಟಿಕ್ ಇರಲಿ. ಮುಂದಿನ ಮರಕ್ಕೆ ಹೋಗುವ ಮುನ್ನ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ.