ನೆಟಿಗೆ ಮುರಿದದ್ದು ಒಂದು ಸಲ, ನಡೆದದ್ದು ಮೂರು ವಾರ

ಉಡುಪಿಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುತ್ತಾ ಹದಿಮೂರು ವರ್ಷ ಆಯಿತು. ಬರುವವರಲ್ಲಿ ಸೊಂಟ ನೋವಿನವರೇ ಜಾಸ್ತಿ. ಮಲ್ಪೆಯಲ್ಲಿ ಮೀನಿನ ಬುಟ್ಟಿ ಎತ್ತುವವರು, ಮೊರ ತೊಡೆ ಮೇಲಿಟ್ಟು ಇಡೀ ದಿನ ಬೀಡಿ ಕಟ್ಟುವ ಅಕ್ಕಂದಿರು, ದಿನಾ ಬೈಕಿನಲ್ಲಿ ಮಂಗಳೂರಿಗೆ ಹೋಗಿ ಬರುವ ಹುಡುಗರು. ಈಗೀಗ ಸುಮಾರು ಜನ ಕೇಳುವುದು ಒಂದೇ. "ಡಾಕ್ಟ್ರೇ, ವಿಡಿಯೋದಲ್ಲಿ ಟಕ್ ಅಂತ ಬೆನ್ನು ಮುರೀತಾರಲ್ವಾ, ಕೈರೋಪ್ರಾಕ್ಟಿಕ್, ಅದು ಮಾಡ್ತೀರಾ?"

ಆ ರೀತಿ ಒತ್ತಿ ಬಿಡಿಸುವ ತರಬೇತಿ ನನಗೂ ಇದೆ, ಬೇಕಾದವರಿಗೆ ಮಾಡುತ್ತೇನೆ. ಆದರೆ ಅದರಿಂದ ಎಷ್ಟು ಆಗುತ್ತದೆ ಅಂತ ಮೈಗೆ ತಿಳಿದದ್ದು ನನ್ನದೇ ಸೊಂಟ ಹಿಡಿದಾಗ.

ಆಟಿ ತಿಂಗಳು, ಜೋರು ಮಳೆ. ತುಂಬಿದ ಗ್ಯಾಸ್ ಸಿಲಿಂಡರ್ ಎತ್ತಿಕೊಂಡು ಹೊಸ್ತಿಲು ದಾಟುವಾಗ ಸ್ವಲ್ಪ ತಿರುಗಿದೆ, ಅಷ್ಟೇ. ಸುಮಾರು 30 ಕೆಜಿ ಭಾರ ಅದು. ಎಡಗಡೆ ಸೊಂಟದಲ್ಲಿ ಚುಳ್ ಅಂತು, ಸಿಲಿಂಡರ್ ಕೆಳಗಿಟ್ಟವನಿಗೆ ನೆಟ್ಟಗೆ ನಿಲ್ಲಲು ಆಗಲಿಲ್ಲ.

ಮೊದಲು ನನ್ನನ್ನೇ ಪರೀಕ್ಷೆ ಮಾಡಿಕೊಂಡೆ. ಗೋಡೆ ಹಿಡಿದು ತುದಿಗಾಲಲ್ಲಿ ನಿಂತೆ, ಹಿಮ್ಮಡಿಯಲ್ಲಿ ನಿಂತೆ. ಪಾದಕ್ಕೆ ಬಲ ಇತ್ತು. ತೊಡೆಸಂದಿಯಲ್ಲಿ ಜೋಮು ಇಲ್ಲ, ಮೂತ್ರಕ್ಕೆ ತೊಂದರೆ ಇಲ್ಲ, ಜ್ವರ ಇಲ್ಲ. ಇವುಗಳಲ್ಲಿ ಒಂದಿದ್ದರೂ ಯಾರ ಹತ್ತಿರವೂ ಬೆನ್ನು ಒತ್ತಿಸಿಕೊಳ್ಳಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮೂಳೆ ಸವೆದ ವಯಸ್ಸಾದವರಿಗೂ ಇದು ಬೇಡ.

ಮಧ್ಯಾಹ್ನ ಗೆಳೆಯನೊಬ್ಬ, ಅವನೂ ನನ್ನ ಕೆಲಸದವನೇ, ನನ್ನನ್ನು ಬಲ ಮಗ್ಗುಲಿಗೆ ಮಲಗಿಸಿ, ಮೇಲಿನ ಮಂಡಿ ಮಡಚಿಸಿ, ಒಂದು ಕೈಯಲ್ಲಿ ನನ್ನ ಭುಜ ಹಿಂದಕ್ಕೆ ಹಿಡಿದು, ಮೊಣಕೈಯನ್ನು ಸೊಂಟದ ಮೇಲೆ ಊರಿ, ಉಸಿರು ಬಿಡು ಅಂದ. ಬಿಟ್ಟೆ. ಚಿಕ್ಕದೊಂದು ಒತ್ತು. ಟಪ್.

ಎದ್ದರೆ ಅರ್ಧ ನೋವು ಮಾಯ! ಆ ಖುಷಿ ಸುಳ್ಳಲ್ಲ. ಬಿಗಿದ ಸ್ನಾಯು ಸ್ವಲ್ಪ ಹೊತ್ತು ಸಡಿಲ ಆಗುತ್ತದೆ. ಆದರೆ ಆ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ, ಬೆರಳಿನ ನೆಟಿಗೆ ಮುರಿದ ಹಾಗೆಯೇ ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಆಗುವ ಸದ್ದು. 1895ರಲ್ಲಿ ಅಮೆರಿಕದ ಡೆವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಕೈರೋಪ್ರಾಕ್ಟಿಕ್ ಶುರು ಮಾಡಿದಾಗ, ಬೆನ್ನೆಲುಬು ಜಾಗ ತಪ್ಪುವುದೇ ಹೆಚ್ಚಿನ ಕಾಯಿಲೆಗಳಿಗೆ ಕಾರಣ ಅಂತ ಹೇಳಿದ್ದರು. ಆ ಮಾತು ನಿಲ್ಲಲಿಲ್ಲ. ಸೊಂಟ ನೋವಿಗೆ ಮಾತ್ರ ಇದರಿಂದ ಸ್ವಲ್ಪ ಉಪಯೋಗ ಇದೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಮಾಡುವುದಾದರೆ ವ್ಯಾಯಾಮದ ಜೊತೆಗೇ ಮಾಡಿ ಅಂತ ಇದೆ.

ಮರುದಿನ ಬೆಳಿಗ್ಗೆ ನೋವು ವಾಪಸ್. ಇನ್ನೊಂದು ಸಲ ಮುರಿಸೋಣ ಅಂತ ಆಸೆ ಆಯಿತು. ಮುರಿಸಲಿಲ್ಲ. ಮಳೆ ಅಲ್ವಾ, ಜಗಲಿಯಲ್ಲೇ ನಡೆದೆ. ಗಂಟೆಗೊಮ್ಮೆ ಐದು ನಿಮಿಷ, ಈ ತುದಿಯಿಂದ ಆ ತುದಿಗೆ. ಮೊದಲ ದಿನ ಕಂಬ ಹಿಡಿದುಕೊಂಡೇ. ನಾಲ್ಕನೇ ದಿನದಿಂದ ಚಾಪೆ ಮೇಲೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಹತ್ತು ಸಲ. ಆಮೇಲೆ ಅಂಬೆಗಾಲಲ್ಲಿ ನಿಂತು ಒಂದು ಕೈ, ಎದುರು ಬದಿಯ ಕಾಲು ಚಾಚುವುದು. ಎರಡನೇ ವಾರ ನೀರು ತುಂಬಿದ ಐದು ಲೀಟರ್ ಕ್ಯಾನ್ ಎತ್ತಿದೆ, ಮೂರನೇ ವಾರ ಹತ್ತು ಕೆಜಿ ಕುಚ್ಚಲಕ್ಕಿ ಚೀಲ. ಸ್ವಲ್ಪ ನೋವಿದ್ದರೂ ಎತ್ತಿದೆ. ಸುಮ್ನೆ ಮಲಗಿದ್ದರೆ ಹೆದರಿಕೆಯೇ ಬೆಳೆಯುತ್ತಿತ್ತು.

ಅದೇ ಸಮಯಕ್ಕೆ ಕಾಪು ಕಡೆಯ ಅಕ್ಕ ಒಬ್ಬರು ಬಂದರು. ಬೀಡಿ ಕಟ್ಟುವವರು. ಯಾವುದೋ ಒಂದು ಕಡೆ "ನಿಮ್ಮ ಎಲುಬು ಜಾರಿದೆ, ಇಪ್ಪತ್ತು ಸಲ ಬರಬೇಕು" ಅಂತ ಮುಂಗಡ ಹಣ ತೆಗೆದುಕೊಂಡಿದ್ದರಂತೆ. ನನಗೆ ಸಿಟ್ಟು ಬಂತು. ಎಲುಬು ಜಾರಿದೆ ಅಂತ ಕೇಳಿದ ಮೇಲೆ ಅವರು ಬಗ್ಗುವುದನ್ನೇ ಬಿಟ್ಟಿದ್ದರು, ಬಾವಿಯಿಂದ ನೀರು ಸೇದುವುದನ್ನೂ. ಪರೀಕ್ಷೆ ಮಾಡಿ ನೋಡಿದೆ, ಹೆದರುವಂಥದ್ದು ಏನೂ ಇರಲಿಲ್ಲ. ನಾನು ಅವರ ಬೆನ್ನು ಒತ್ತಲಿಲ್ಲ. ಗೋಡೆಗೆ ಒರಗಿ ಮಣೆ ಮೇಲೆ ಕೂರುವುದು, ಐವತ್ತು ಬೀಡಿಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕುವುದು, ಇಷ್ಟೇ ಹೇಳಿಕೊಟ್ಟು, ನಾನು ಮಾಡುತ್ತಿದ್ದ ಎರಡು ವ್ಯಾಯಾಮ ಮಾಡಿ ತೋರಿಸಿದೆ.

ಹದಿನೈದು ದಿನ ಬಿಟ್ಟು ಬಂದರು. "ನೋವು ಪೂರ್ತಿ ಹೋಗಲಿಲ್ಲ ಡಾಕ್ಟ್ರೇ, ಆದ್ರೆ ನಿನ್ನೆ ಮೂರು ಕೊಡಪಾನ ನೀರು ನಾನೇ ಸೇದಿದೆ" ಅಂದರು.