ಪ್ರೋಟೀನ್ ಅಳತೆಯಲ್ಲಿ ಸ್ಲೋಪ್ ಮತ್ತು ಸ್ಟ್ಯಾಂಡರ್ಡ್ ಕರ್ವ್: ನನ್ನ ಅನುಭವ

ಹುರುಳಿ ಮತ್ತಿತರ ಕಾಳುಗಳ ಸಾರದಲ್ಲಿ ಕರಗಿರುವ ಪ್ರೋಟೀನನ್ನು ಅಳೆಯುವುದಕ್ಕೆ ನಾನು ಹೆಚ್ಚಾಗಿ ಬಳಸುವುದು ಬ್ರಾಡ್‌ಫರ್ಡ್ ವಿಧಾನವನ್ನು. 1951ರಿಂದ ಬಳಕೆಯಲ್ಲಿರುವ ಲೌರಿ ವಿಧಾನವೂ ಒಳ್ಳೆಯದೇ. ಆದರೆ ಅದರಲ್ಲಿ ಬಳಸುವ ಫೋಲಿನ್ ದ್ರಾವಣವು ಕಾಳಿನ ಸಿಪ್ಪೆಯಿಂದ ಬರುವ ಫೀನಾಲ್ ಸಂಯುಕ್ತಗಳ ಜೊತೆಗೂ ವರ್ತಿಸಿ ನೀಲಿ ಬಣ್ಣ ಕೊಡುವುದರಿಂದ, ಇಲ್ಲದ ಪ್ರೋಟೀನು ಇದ್ದಂತೆ ಕಾಣುತ್ತದೆ. ಮೇರಿಯನ್ ಬ್ರಾಡ್‌ಫರ್ಡ್ 1976ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕೂಮಾಸಿ ಬ್ರಿಲಿಯಂಟ್ ಬ್ಲೂ ಜಿ-250 ಎಂಬ ಬಣ್ಣವು ಪ್ರೋಟೀನಿಗೆ, ಮುಖ್ಯವಾಗಿ ಅದರ ಆರ್ಜಿನಿನ್ ಭಾಗಗಳಿಗೆ, ಅಂಟಿಕೊಂಡು ಕೆಂಗಂದಿನಿಂದ ನೀಲಿಗೆ ತಿರುಗುತ್ತದೆ. ಆ ನೀಲಿಯನ್ನು 595 ನ್ಯಾನೋಮೀಟರಿನಲ್ಲಿ ಓದುತ್ತೇವೆ. ಓದಿದ ಅಬ್ಸಾರ್ಬೆನ್ಸನ್ನು, ಅಂದರೆ ದ್ರಾವಣ ಎಷ್ಟು ಬೆಳಕನ್ನು ಹೀರಿತು ಎಂಬ ಅಂಕಿಯನ್ನು, ಮೈಕ್ರೋಗ್ರಾಂ ಆಗಿ ಪರಿವರ್ತಿಸುವ ಕೊಂಡಿಯೇ ಸ್ಟ್ಯಾಂಡರ್ಡ್ ಕರ್ವ್, ಅಂದರೆ ಗೊತ್ತಿರುವ ಪ್ರಮಾಣದ ಪ್ರೋಟೀನನ್ನು ಓದಿ ಎಳೆದ ಗೆರೆ. ಅದರ ಸ್ಲೋಪನ್ನು ಕಂಪ್ಯೂಟರ್ ಕೊಟ್ಟ ಒಂದು ಅಂಕಿ ಎಂದಷ್ಟೇ ನೋಡುವವರು ಅಳತೆಯ ಅರ್ಧ ಸುದ್ದಿಯನ್ನು ಕೇಳಿಸಿಕೊಳ್ಳುವುದೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಒಂದು ಮೈಕ್ರೋಗ್ರಾಂ ಪ್ರೋಟೀನು ಹೆಚ್ಚಾದಾಗ ಅಬ್ಸಾರ್ಬೆನ್ಸ್ ಎಷ್ಟು ಏರುತ್ತದೆ ಎಂಬುದೇ ಸ್ಲೋಪ್. ಗೆರೆ ನಿಜವಾಗಿಯೂ ನೇರವಾಗಿದ್ದರೆ ಈ ಏರಿಕೆ ಎಲ್ಲೆಡೆ ಒಂದೇ ಆಗಿರುತ್ತದೆ, ಆಗ ಮಾದರಿಯ ಓದಿನಿಂದ ಇಂಟರ್‌ಸೆಪ್ಟನ್ನು (ಪ್ರೋಟೀನು ಸೊನ್ನೆಯಿರುವಲ್ಲಿ ಗೆರೆ ತೋರಿಸುವ ಓದನ್ನು) ಕಳೆದು ಸ್ಲೋಪಿನಿಂದ ಭಾಗಿಸಿದರೆ ಉತ್ತರ ಸಿಗುತ್ತದೆ. ಬ್ರಾಡ್‌ಫರ್ಡ್ ವಿಧಾನದ ತೊಡಕು ಇಲ್ಲಿಯೇ ಇದೆ. ಪ್ರೋಟೀನು ಹೆಚ್ಚಿದಂತೆ ಅಂಟಿಕೊಳ್ಳದೆ ಉಳಿದ ಬಣ್ಣ ಕಡಿಮೆಯಾಗುತ್ತಾ ಹೋಗುತ್ತದೆ. ಆದ್ದರಿಂದ ಗೆರೆ ಮೇಲೇರಿದಂತೆಲ್ಲ ಬಾಗುತ್ತದೆ.

ಲೆಕ್ಕಕ್ಕೆ ಅನುಕೂಲವಾಗಲೆಂದು ದುಂಡಾಗಿಸಿದ ಅಂಕಿಗಳನ್ನು ಕೊಡುತ್ತೇನೆ. ಸ್ಟ್ಯಾಂಡರ್ಡ್ ಆಗಿ ಬಳಸುವ ಹಸುವಿನ ರಕ್ತದ ಪ್ರೋಟೀನಾದ ಬೋವೈನ್ ಸೀರಮ್ ಆಲ್ಬುಮಿನ್, ಅಂದರೆ ಬಿಎಸ್ಎ, 0, 20, 40, 60, 80 ಮತ್ತು 100 ಮೈಕ್ರೋಗ್ರಾಂ ಇರುವ ಕೊಳವೆಗಳು ಬ್ಲ್ಯಾಂಕನ್ನು (ಪ್ರೋಟೀನು ಇಲ್ಲದ ಕೊಳವೆಯ ಓದನ್ನು) ಕಳೆದ ಮೇಲೆ ಕ್ರಮವಾಗಿ 0, 0.23, 0.42, 0.58, 0.71 ಮತ್ತು 0.82 ಎಂದು ಓದಿದವು ಎನ್ನಿ. ಪ್ರತಿ 20 ಮೈಕ್ರೋಗ್ರಾಮಿಗೆ ಆದ ಏರಿಕೆಯನ್ನು ನೋಡಿದರೆ 0.23, 0.19, 0.16, 0.13, 0.11 ಎಂದು ಅದು ಇಳಿಯುತ್ತಲೇ ಬಂದಿದೆ. ಮೊದಲ ತುಂಡಿನ ಸ್ಲೋಪ್ 0.0115 ಆದರೆ ಕೊನೆಯ ತುಂಡಿನದು 0.0055, ಅಂದರೆ ಅರ್ಧಕ್ಕಿಂತ ಕಡಿಮೆ. ಇದೇ ಬಿಂದುಗಳ ನಡುವೆ ಒಂದು ನೇರ ಗೆರೆ ಎಳೆದರೆ ಸ್ಲೋಪ್ 0.00814, ಇಂಟರ್‌ಸೆಪ್ಟ್ 0.053, ಆರ್-ಸ್ಕ್ವೇರ್ 0.982 ಬರುತ್ತವೆ. ಗೆರೆ ಬಿಂದುಗಳಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದೆನಿಸುವ ಈ ಆರ್-ಸ್ಕ್ವೇರ್ ನೋಡಿ ತೃಪ್ತರಾಗುವವರು ಈಗ 0.10 ಓದಿದ ಮಾದರಿಯೊಂದನ್ನು ಈ ಸಮೀಕರಣಕ್ಕೆ ಹಾಕಿ ನೋಡಬೇಕು: ಉತ್ತರ 5.8 ಮೈಕ್ರೋಗ್ರಾಂ ಎಂದು ಬರುತ್ತದೆ, ಆದರೆ ಬಾಗಿದ ಕರ್ವಿನ ಮೇಲೆ ಅದೇ ಓದು 8 ಮೈಕ್ರೋಗ್ರಾಮಿಗಿಂತ ಮೇಲಿನದು. ಮಾದರಿ 0.04 ಓದಿದರಂತೂ ಪ್ರೋಟೀನು ಸೊನ್ನೆಗಿಂತ ಕಡಿಮೆ ಎಂಬ ಅಸಂಬದ್ಧಕ್ಕೆ ತಲುಪುತ್ತೇವೆ.

ಆದ್ದರಿಂದ ನಾನು ಆರ್-ಸ್ಕ್ವೇರ್‌ಗಿಂತ ಹೆಚ್ಚು ನಂಬುವುದು ಹಿಮ್ಮುಖ ಲೆಕ್ಕವನ್ನು: ಪ್ರತಿಯೊಂದು ಸ್ಟ್ಯಾಂಡರ್ಡಿನ ಓದನ್ನೂ ಅದೇ ಸಮೀಕರಣಕ್ಕೆ ಹಾಕಿ, ನಾನು ಹಾಕಿದ್ದ ಪ್ರಮಾಣವೇ ಮರಳಿ ಬರುತ್ತದೆಯೇ ಎಂದು ನೋಡುತ್ತೇನೆ. ಮೇಲಿನ ಉದಾಹರಣೆಯಲ್ಲಿ 40 ಎಂದು ಹಾಕಿದ್ದು 45 ಎಂದು ಬರುತ್ತದೆ, 100 ಎಂದು ಹಾಕಿದ್ದು 94 ಎಂದು ಬರುತ್ತದೆ. ನಡುವಿನ ಬಿಂದುಗಳೆಲ್ಲ ಗೆರೆಯ ಒಂದು ಬದಿಗೂ ಎರಡು ತುದಿಗಳು ಇನ್ನೊಂದು ಬದಿಗೂ ನಿಂತಿದ್ದರೆ ಅದು ಪಿಪೆಟಿನ ಆಕಸ್ಮಿಕ ದೋಷವಲ್ಲ, ಬಾಗಿದ ಕರ್ವಿಗೆ ಬಲವಂತವಾಗಿ ನೇರ ಗೆರೆ ಹಾಕಿದ್ದರ ಗುರುತು. ಇದಕ್ಕೆ ನನ್ನ ಮೊದಲ ಪರಿಹಾರ ವ್ಯಾಪ್ತಿಯನ್ನು ಕುಗ್ಗಿಸಿ, ಮಾದರಿಯನ್ನು ಆ ವ್ಯಾಪ್ತಿಯೊಳಗೆ ಬರುವಂತೆ ತೆಳುಗೊಳಿಸುವುದು. ಅದು ಸಾಧ್ಯವಿಲ್ಲದಾಗ ವರ್ಗ ಸಮೀಕರಣವನ್ನು ಹೊಂದಿಸುತ್ತೇನೆ. ಮೂರನೆಯ ದಾರಿಯೂ ಇದೆ: 1996ರಲ್ಲಿ ಜೋರ್ ಮತ್ತು ಸೆಲಿಂಗರ್ ತೋರಿಸಿಕೊಟ್ಟಂತೆ 590ರ ಓದನ್ನು 450ರ ಓದಿನಿಂದ ಭಾಗಿಸಿದರೆ, ಉಳಿದ ಬಣ್ಣದ ಕೊರತೆಯೂ ಲೆಕ್ಕಕ್ಕೆ ಸೇರಿ ಗೆರೆ ನೇರವಾಗುತ್ತದೆ. ಕಡಿಮೆ ಪ್ರಮಾಣದ ಮಾದರಿಗಳಿಗೆ ನಾನು ಇದನ್ನೇ ಇಷ್ಟಪಡುತ್ತೇನೆ, ಎರಡು ತರಂಗಾಂತರಗಳಲ್ಲಿ ಓದುವ ಶ್ರಮ ದೊಡ್ಡದೇನಲ್ಲ. ಗೆರೆಯನ್ನು ಸೊನ್ನೆಯ ಮೂಲಕವೇ ಹಾಯಿಸುವ ಆಯ್ಕೆಯನ್ನು ಮಾತ್ರ ನಾನು ಬಳಸುವುದಿಲ್ಲ, ಏಕೆಂದರೆ ಇಂಟರ್‌ಸೆಪ್ಟ್ ಕೊಡಬಹುದಾದ ಎಚ್ಚರಿಕೆಯನ್ನು ಅದು ಮುಚ್ಚಿಡುತ್ತದೆ.

ಕರ್ವ್ ಎಷ್ಟೇ ಸೊಗಸಾಗಿದ್ದರೂ ತೋರಿಸಲಾರದ ದೋಷವೊಂದು ಬಿಎಸ್ಎ ಮೂಲದ್ರಾವಣದಲ್ಲಿ ಅಡಗಿರಬಹುದು. ಮಿಲಿಲೀಟರಿಗೆ 1 ಮಿಲಿಗ್ರಾಂ ಎಂದು ಬರೆದಿಟ್ಟ ದ್ರಾವಣದಲ್ಲಿ ನಿಜವಾಗಿ ಇರುವುದು 0.9 ಮಿಲಿಗ್ರಾಂ ಆದರೆ ಎಲ್ಲ ಬಿಂದುಗಳೂ ಒಂದೇ ಅನುಪಾತದಲ್ಲಿ ಸರಿಯುತ್ತವೆ, ಗೆರೆಯ ಅಂದ ಕೆಡುವುದಿಲ್ಲ, ಆದರೆ ಸ್ಲೋಪ್ ತಗ್ಗಿ ಪ್ರತಿಯೊಂದು ಮಾದರಿಯೂ ಶೇಕಡ 11ರಷ್ಟು ಹೆಚ್ಚು ತೋರಿಸುತ್ತದೆ. ತೂಕದ ಕಲ್ಲೇ ಹಗುರವಾಗಿದ್ದರೆ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತು ಪ್ರಯೋಜನವಿಲ್ಲ. ಹೀಗಾಗಿ ಮೂಲದ್ರಾವಣವನ್ನು ತೂಕದ ಮೇಲಷ್ಟೇ ನಂಬದೆ 280 ನ್ಯಾನೋಮೀಟರಿನಲ್ಲಿ ಓದುತ್ತೇನೆ. ಒಂದು ಸೆಂಟಿಮೀಟರ್ ಕ್ಯುವೆಟಿನಲ್ಲಿ (ಓದುವಾಗ ದ್ರಾವಣ ಹಾಕುವ ಪುಟ್ಟ ಪಾತ್ರೆಯಲ್ಲಿ) ಮಿಲಿಲೀಟರಿಗೆ 1 ಮಿಲಿಗ್ರಾಂ ಬಿಎಸ್ಎ ಸುಮಾರು 0.66 ಓದಬೇಕು. ಈ ಓದಿಗೆ ಕ್ವಾರ್ಟ್ಜ್ ಕ್ಯುವೆಟ್ ಬೇಕು. ಬ್ರಾಡ್‌ಫರ್ಡ್ ಓದಿಗೆ ಪ್ಲಾಸ್ಟಿಕ್ ಸಾಕು, ಕ್ವಾರ್ಟ್ಜ್‌ಗೆ ಹಿಡಿದ ಆ ನೀಲಿಯನ್ನು ಉಜ್ಜಿ ತೆಗೆಯುವುದು ಯಾರಿಗೂ ಬೇಡದ ಕೆಲಸ.

ಇನ್ನು, ಸ್ಲೋಪ್ ಪ್ರೋಟೀನಿನಿಂದ ಪ್ರೋಟೀನಿಗೆ ಬದಲಾಗುತ್ತದೆ. ಒಂದೇ ತೂಕದ ಬಿಎಸ್ಎ ಮತ್ತು ಗಾಮಾ ಗ್ಲಾಬ್ಯುಲಿನ್ (ರಕ್ತದ ಇನ್ನೊಂದು ಪ್ರೋಟೀನು) ತೆಗೆದುಕೊಂಡರೆ ಬ್ರಾಡ್‌ಫರ್ಡ್ ದ್ರಾವಣದಲ್ಲಿ ಬಿಎಸ್ಎ ಸುಮಾರು ಎರಡು ಪಟ್ಟು ಬಣ್ಣ ಕೊಡುತ್ತದೆ. ಕಾಳಿನ ಸಾರದಲ್ಲಿರುವುದು ಹಲವು ಪ್ರೋಟೀನುಗಳ ಮಿಶ್ರಣವಾದ್ದರಿಂದ ನನಗೆ ದೊರೆಯುವ ಅಂಕಿ ಬಿಎಸ್ಎಗೆ ಸಮನಾದ ಪ್ರಮಾಣವೇ ಹೊರತು ನಿಜವಾದ ತೂಕವಲ್ಲ. ಒಂದು ತಳಿಯನ್ನು ಇನ್ನೊಂದರೊಡನೆ ಹೋಲಿಸುವುದಕ್ಕೆ ಇಷ್ಟು ಸಾಲುತ್ತದೆ; ಪೌಷ್ಟಿಕಾಂಶದ ಪಟ್ಟಿಯಲ್ಲಿ ಮುದ್ರಿಸುವುದಕ್ಕೆ ಸಾಲದು.

ಸಾರದಲ್ಲಿರುವ ಬೇರೆ ವಸ್ತುಗಳು ಸ್ಲೋಪನ್ನು ಕೆಡಿಸುತ್ತಿವೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳನ್ನು ಮಾಡುತ್ತೇನೆ. ಒಂದೇ ಮಾದರಿಯನ್ನು 5, 10 ಮತ್ತು 20 ಪಟ್ಟು ತೆಳುಗೊಳಿಸಿ ಓದಿ, ಮರಳಿ ಗುಣಿಸಿದಾಗ ಉತ್ತರಗಳು ಹೊಂದಬೇಕು. ತೆಳುವಾದಷ್ಟೂ ಉತ್ತರ ಏರುತ್ತಾ ಹೋದರೆ ಏನೋ ಅಡ್ಡಿಯಿದೆ ಎಂದರ್ಥ, ಇಲ್ಲವೇ ಮಾದರಿ ಇನ್ನೂ ಕರ್ವಿನ ಬಾಗಿದ ಭಾಗದಲ್ಲಿದೆ. ಎರಡನೆಯದಾಗಿ, ಮಾದರಿಗೇ ಗೊತ್ತಿರುವ ಪ್ರಮಾಣದ ಬಿಎಸ್ಎಯನ್ನು ಹಂತಹಂತವಾಗಿ ಸೇರಿಸಿ, ಆ ಏರಿಕೆಯ ಸ್ಲೋಪನ್ನು ಬರಿಯ ಬಫರಿನಲ್ಲಿ (ಸಾರ ತೆಗೆಯಲು ಬಳಸಿದ ದ್ರಾವಣದಲ್ಲಿ) ಅದೇ ಓದಿನ ಮಟ್ಟದಲ್ಲಿ ಬರುವ ಸ್ಲೋಪಿನೊಡನೆ ಹೋಲಿಸುತ್ತೇನೆ. ಎಸ್‌ಡಿಎಸ್‌ನಂಥ ಡಿಟರ್ಜೆಂಟ್ ಉಳಿದಿದ್ದರೂ ಸಾರ ತೆಗೆಯಲು ಬಳಸಿದ ಸೋಡಿಯಂ ಹೈಡ್ರಾಕ್ಸೈಡ್ ಹೆಚ್ಚಾಗಿದ್ದರೂ ಈ ಎರಡು ಗೆರೆಗಳು ಸಮಾನಾಂತರವಾಗಿ ನಿಲ್ಲದಿರಬಹುದು. ಅಡ್ಡಿಯ ವಸ್ತು ಎಲ್ಲ ಓದುಗಳನ್ನೂ ಒಂದೇ ಅಂಕಿಯಷ್ಟು ಎತ್ತುತ್ತಿದ್ದರೆ ಸ್ಲೋಪ್ ಬದಲಾಗದು, ಈ ಹೋಲಿಕೆಗೆ ಅದು ಸಿಕ್ಕದು, ಹಾಗಾಗಿ ಸಾರ ತೆಗೆದ ಬಫರನ್ನೇ ಬ್ಲ್ಯಾಂಕ್ ಆಗಿ ಇಡುವುದೂ ಅಗತ್ಯ.

ಹೊಸ ಕರ್ವ್ ಇಲ್ಲದೆ ನಾನು ಮಾದರಿಗಳನ್ನು ಓದುವುದಿಲ್ಲ, ಹಿಂದಿನ ವಾರದ ಸ್ಲೋಪನ್ನು ಎರವಲು ತರುವುದಿಲ್ಲ. ಹಳೆಯ ಸ್ಲೋಪುಗಳನ್ನೆಲ್ಲ ಒಂದೆಡೆ ಬರೆದಿಡುವುದು ಬೇರೆ ಕಾರಣಕ್ಕೆ: ಬಣ್ಣದ ದ್ರಾವಣ ಹಳೆಯದಾದಾಗ, ಫ್ರಿಜ್ಜಿನಿಂದ ತೆಗೆದ ಕೂಡಲೇ ಬಳಸಿದಾಗ ಅಥವಾ ಹೊಸ ಬಾಟಲಿ ತೆರೆದಾಗ ಸ್ಲೋಪ್ ಕದಲುತ್ತದೆ, ಆ ಪಟ್ಟಿಯಲ್ಲಿ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಅದೇ ಪಟ್ಟಿ ಇನ್ನೊಂದಕ್ಕೂ ಒದಗುತ್ತದೆ. ಬ್ಲ್ಯಾಂಕಿನ ಓದುಗಳ ಪ್ರಮಾಣಿತ ವಿಚಲನೆಯನ್ನು 3.3ರಿಂದ ಗುಣಿಸಿ ಸ್ಲೋಪಿನಿಂದ ಭಾಗಿಸಿದರೆ ಪತ್ತೆಹಚ್ಚಬಹುದಾದ ಕನಿಷ್ಠ ಪ್ರಮಾಣ ದೊರೆಯುತ್ತದೆ, ವಿಚಲನೆ 0.004 ಮತ್ತು ಕರ್ವಿನ ಬುಡದ ಸ್ಲೋಪ್ 0.0115 ಆದರೆ ಅದು ಸುಮಾರು 1.1 ಮೈಕ್ರೋಗ್ರಾಂ. 3.3ರ ಬದಲು 10ರಿಂದ ಗುಣಿಸಿದರೆ ಬರುವ 3.5 ಮೈಕ್ರೋಗ್ರಾಮಿಗಿಂತ ಕೆಳಗಿನ ಯಾವ ಉತ್ತರವನ್ನೂ ನಾನು ವರದಿಯಲ್ಲಿ ಅಂಕಿಯಾಗಿ ಬರೆಯುವುದಿಲ್ಲ, ಮಿತಿಗಿಂತ ಕಡಿಮೆ ಎಂದಷ್ಟೇ ನಮೂದಿಸುತ್ತೇನೆ.