ಹೊಸ ಹಾಡು ಬಂದಾಗ ನಾನು ಸಾಲಿನ ಕೊನೆ ಕೇಳುತ್ತೇನೆ

2015ರ ಜುಲೈನಿಂದ ಜಗತ್ತಿನ ಬಹುತೇಕ ಕಡೆ ಹೊಸ ಸಂಗೀತ ಬಿಡುಗಡೆಯಾಗುವ ದಿನ ಶುಕ್ರವಾರ. ಗುರುವಾರ ರಾತ್ರಿ ಹನ್ನೆರಡು ದಾಟಿತೆಂದರೆ ಫೋನಿಗೆ ಒಂದರ ಹಿಂದೊಂದು ಬಂದು ಬೀಳುತ್ತವೆ: ನಮ್ಮ ಬೆಂಗಳೂರಿನ ಹುಡುಗರ ರ್ಯಾಪ್ ಸಿಂಗಲ್, ಯಾರೋ ಮನೆಯ ಕೋಣೆಯಲ್ಲೇ ಗಿಟಾರ್ ಹಿಡಿದು ರೆಕಾರ್ಡ್ ಮಾಡಿದ ಇಂಡೀ (ಸ್ವತಂತ್ರ) ಹಾಡು, ಅಮೆರಿಕದ ದೊಡ್ಡ ಹೆಸರಿನ ಆಲ್ಬಂ. ಬೆಳಿಗ್ಗೆ ತಿಂಡಿ ಹೊತ್ತಿಗೆ ಎಲ್ಲರ ತೀರ್ಪೂ ಸಿದ್ಧ. ಒಂದೋ 'ಬೆಂಕಿ', ಇಲ್ಲ 'ಡಬ್ಬಾ'. ಹಾಡು ಮಾಡಿದವನು ತಿಂಗಳುಗಟ್ಟಲೆ ಕೂತು ಮಾಡಿರುತ್ತಾನೆ. ಕೇಳುವವರು ಒಂದು ವಾರವನ್ನಾದರೂ ಕೊಡಬೇಕು ಅನ್ನುವುದು ನನ್ನ ಹಟ. ಆ ವಾರವನ್ನು ನಾನು ಹೇಗೆ ಕಳೆಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಸಂಗೀತ ವೃತ್ತಿಯಲ್ಲ. ಪೀಣ್ಯದಲ್ಲಿ ಕೆಲಸ, ಜಯನಗರದಲ್ಲಿ ಮನೆ, ನಡುವೆ ಹಸಿರು ಮಾರ್ಗದ ಮೆಟ್ರೊ. ನನ್ನ ಕೇಳುವಿಕೆಯ ಬಹುಪಾಲು ಆ ಡಬ್ಬಿಗಳಲ್ಲೇ ಆಗಿದೆ.

ಮೊದಲ ಸಲ ಕೇಳುವಾಗ ವಿಡಿಯೊ ನೋಡುವುದಿಲ್ಲ. ಒಳ್ಳೆಯ ವಿಡಿಯೊ ಸಾಧಾರಣ ಹಾಡನ್ನೂ ಎತ್ತಿ ನಿಲ್ಲಿಸಿಬಿಡುತ್ತದೆ. 2024ರ ಜುಲೈನಲ್ಲಿ ರ್ಯಾಪರ್ ಹನುಮಾನ್‌ಕೈಂಡ್ ಮತ್ತು ಬೀಟ್ ಕಟ್ಟುವ ಕಲ್ಮಿ ಸೇರಿ 'ಬಿಗ್ ಡಾಗ್ಸ್' ಬಿಟ್ಟಾಗ ಎಲ್ಲರೂ ಮಾತಾಡಿದ್ದು ವಿಡಿಯೊದಲ್ಲಿದ್ದ ಸಾವಿನ ಬಾವಿಯ ಬಗ್ಗೆ, ಗೋಡೆಯ ಮೇಲೆ ಓಡುವ ಬೈಕು ಕಾರುಗಳ ಬಗ್ಗೆ. ನಾನು ಅದನ್ನು ಬರೀ ಕಿವಿಯಲ್ಲಿ ಕೇಳಿ ಆಮೇಲೆ ನೋಡಿದೆ. ಚಿತ್ರವಿಲ್ಲದೆಯೂ ಅದು ನಿಲ್ಲುವ ಹಾಡು. ತಗ್ಗು ಸ್ವರದ ಬೇಸ್ ಬಿಟ್ಟುಕೊಟ್ಟ ಜಾಗಕ್ಕೆ ಸರಿಯಾಗಿ ಹನುಮಾನ್‌ಕೈಂಡ್‌ನ ದನಿ ಬಂದು ಕೂರುತ್ತದೆ, ಒಂದರ ಮೇಲೊಂದು ಬೀಳುವುದಿಲ್ಲ. ಕೇರಳದಲ್ಲಿ ಹುಟ್ಟಿ, ಹ್ಯೂಸ್ಟನ್‌ನಲ್ಲಿ ಬೆಳೆದು, ಬೆಂಗಳೂರಿನ ವೇದಿಕೆಗಳಲ್ಲಿ ಪಳಗಿದ ದನಿ ಅದು. ಇಂಗ್ಲಿಷ್ ರ್ಯಾಪ್ ಆದ್ದರಿಂದ ಅದರ ಮಾತಿನ ಬಗ್ಗೆ ನಾನು ಹೆಚ್ಚು ಹೇಳಲು ಹೋಗುವುದಿಲ್ಲ. ಹ್ಯೂಸ್ಟನ್ನಿನ ಗಲ್ಲಿಯ ಮಾತು ನನ್ನ ಮನೆಯ ಮಾತಲ್ಲ. ಹೊರಗಿನ ಹಾಡುಗಳಲ್ಲಿ ನನ್ನ ಅಭಿಪ್ರಾಯ ಸದ್ದಿಗೆ, ಲಯಕ್ಕೆ ಸೀಮಿತ.

ಕನ್ನಡ ರ್ಯಾಪ್ ಆದರೆ ಮಾತು ಬೇರೆ. ಎರಡನೆಯ ದಿನ ಪೆನ್ನು, ನೋಟ್‌ಪುಸ್ತಕ ತೆಗೆದುಕೊಂಡು ಕೂತು ಇಡೀ ವರ್ಸ್ (ರ್ಯಾಪಿನ ಚರಣ) ಕೈಯಲ್ಲಿ ಬರೆದುಕೊಳ್ಳುತ್ತೇನೆ. ಬರೆದ ಮೇಲೆ ಪ್ರತಿ ಸಾಲಿನ ಕೊನೆಯ ಪದಕ್ಕೆ ಗೆರೆ ಎಳೆಯುತ್ತೇನೆ. ಅಲ್ಲಿ ಹಾಡಿನ ಅರ್ಧ ಗುಟ್ಟು ಬಯಲಾಗುತ್ತದೆ.

ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಅದರ ಬಾಲಗಳು ಕೆಲವೇ ಕೆಲವು. ಬಂದೆ, ನಿಂದೆ, ತಂದೆ. ಬರ್ತೀನಿ, ಇರ್ತೀನಿ, ತರ್ತೀನಿ. ಹಾಗಾಗಿ ಕನ್ನಡದಲ್ಲಿ ಅಂತ್ಯಪ್ರಾಸ ಬೇಡವೆಂದರೂ ಬಂದು ಬೀಳುತ್ತದೆ. ಉದಾಹರಣೆಗೆ ನಾನೇ ಕಟ್ಟಿದ ಎರಡು ಸಾಲು:

ಬೀದಿಲಿ ಬೆಳೆದೆ, ಬೆವರಲ್ಲಿ ನಡೆದೆ,
ಬಿದ್ರೂ ಎದ್ದೆ, ಬೇಕಿದ್ದು ಪಡೆದೆ.

ಇದರಲ್ಲಿ ಪ್ರಾಸ ಇದೆ, ಶ್ರಮ ಇಲ್ಲ. ವ್ಯಾಕರಣವೇ ರ್ಯಾಪರ್‌ನ ಕೆಲಸ ಮಾಡಿಕೊಟ್ಟಿದೆ. ಕೇಳುವವರಿಗೆ ಮೂರನೆಯ ಸಾಲಿಗೇ ಮುಂದೇನು ಅಂತ ಗೊತ್ತಾಗಿಬಿಡುತ್ತದೆ. ಈಗ ಇದನ್ನು ನೋಡಿ:

ಅಪ್ಪನ ಹೆಗಲ ಮೇಲೆ ಹೂವಿನ ಮೂಟೆ,
ನಾಲ್ಕಕ್ಕೇ ಕಣ್ಣು ಬಿಡುತ್ತೆ ಚಿಕ್ಕಪೇಟೆ.

ಕೊನೆಯಲ್ಲಿ ನಾಮಪದ ಬಂದ ಕೂಡಲೆ ಸಾಲಿಗೆ ಕಣ್ಣು ಬರುತ್ತದೆ, ಒಂದು ವಸ್ತು, ಒಂದು ಊರು ಎದುರಿಗೆ ನಿಲ್ಲುತ್ತದೆ. ಹೀಗೆ ಪದ ಹಿಂದುಮುಂದಾಗುವುದು ಕೃತಕವೇನಲ್ಲ. 'ಬಂದ್ನಾ ನಿಮ್ಮಣ್ಣ?', 'ಎಲ್ಲೋಯ್ತು ಆ ಚಪ್ಪಲಿ?' ಅಂತ ದಿನವೂ ಮಾತಾಡುತ್ತೇವೆ. ಆಡುಮಾತಿನ ಈ ಸ್ವಾತಂತ್ರ್ಯವನ್ನು ಬಳಸುವ ರ್ಯಾಪರ್ ಸಿಕ್ಕರೆ ನನಗೆ ಆ ವಾರ ಹಬ್ಬ. ಹೊಸ ಸಿಂಗಲ್ ಒಂದರಲ್ಲಿ ಮುಕ್ಕಾಲು ಪಾಲು ಸಾಲು ಕ್ರಿಯಾಪದದ ಬಾಲದಲ್ಲೇ ಮುಗಿದಿದ್ದರೆ, ಬೀಟ್ ಎಷ್ಟೇ ಚೆನ್ನಾಗಿರಲಿ, ನಾನು ಅದನ್ನು ಒಳ್ಳೆಯ ಬರವಣಿಗೆ ಅಂತ ಕರೆಯುವುದಿಲ್ಲ.

ಇನ್ನೊಂದು ದಾರಿಯೂ ಇದೆ, ಅದು ನಮಗೆ ಮನೆಯ ಆಸ್ತಿ. ಹಳೆಯ ಕನ್ನಡ ಕಾವ್ಯದಲ್ಲಿ ಪ್ರಾಸ ಇರುತ್ತಿದ್ದದ್ದು ಸಾಲಿನ ಕೊನೆಯಲ್ಲಲ್ಲ, ಆರಂಭದಲ್ಲಿ, ಎರಡನೆಯ ಅಕ್ಷರದಲ್ಲಿ. ಡಿ.ವಿ.ಜಿ.ಯವರ ಕಗ್ಗದಲ್ಲಿ ಒಂದು ಸಾಲು ಹುಲ್ಲಿನಿಂದ, ಮುಂದಿನದು ಕಲ್ಲಿನಿಂದ, ಅದರ ಮುಂದಿನದು ಬೆಲ್ಲದಿಂದ ಶುರುವಾಗುವುದು ಅದಕ್ಕೇ. ಮಂಜೇಶ್ವರದ ಕವಿ ಗೋವಿಂದ ಪೈಗಳು 20ನೆಯ ಶತಮಾನದ ಆರಂಭದಲ್ಲೇ ಆ ನಿಯಮ ಕೈಬಿಟ್ಟರು, ಹೊಸ ಕಾವ್ಯಕ್ಕೆ ಆ ಬಿಡುಗಡೆ ಬೇಕಿತ್ತು. ರ್ಯಾಪಿಗೆ ಮಾತ್ರ ಆ ಹಳೆಯ ಕಟ್ಟು ಮತ್ತೆ ಕೆಲಸಕ್ಕೆ ಬರುತ್ತದೆ. 'ಸಂತೆ ಮುಗೀತು, ಚಿಂತೆ ಉಳೀತು, ಕಂತು ಬಾಕಿ, ಅಂತೂ ಊಟ ಆಯ್ತು' ಅಂತ ನಾಲ್ಕು ತುಂಡು ಮಾಡಿ ಹೇಳಿ ನೋಡಿ. ಪ್ರಾಸ ತುಂಡಿನ ತಲೆಯಲ್ಲೇ ಬಂದು ಬಡಿತವನ್ನು ಎಳೆದುಕೊಂಡು ಹೋಗುತ್ತದೆ. ಎಷ್ಟೋ ಹುಡುಗರು ಇದನ್ನು ಛಂದಸ್ಸು ಓದದೆ, ಕಿವಿಯಿಂದಲೇ ಹಿಡಿದಿದ್ದಾರೆ. ಅದನ್ನು ಗುರುತಿಸಿ ಹೇಳುವುದು ಕೇಳುಗರಾದ ನಮ್ಮ ಕೆಲಸ.

ಒತ್ತಕ್ಷರವನ್ನೂ ಗಮನಿಸುತ್ತೇನೆ. ಕಟ್ಟೆ, ಹೆಜ್ಜೆ, ರಟ್ಟೆ ಅನ್ನುವಾಗ ನಾಲಗೆ ಒಂದು ಕ್ಷಣ ತಡೆದು ಬಿಡುತ್ತದೆ. ಆ ಬಿಡುವ ಕ್ಷಣ ಸ್ನೇರ್ ಡ್ರಮ್ಮಿನ ಪೆಟ್ಟಿನ ಮೇಲೆ, ಅಂದರೆ ಎರಡನೆಯ ಅಥವಾ ನಾಲ್ಕನೆಯ ಬಡಿತಕ್ಕೆ, ಬಿದ್ದರೆ ಡ್ರಮ್ಮೂ ಬಾಯೂ ಒಂದೇ ಆಗುತ್ತವೆ. ಜಾಗವೂ ಕಡಿಮೆ ಇರುತ್ತದೆ. ನಿಮಿಷಕ್ಕೆ 90 ಬಡಿತದ ಬೀಟ್‌ನಲ್ಲಿ ಒಂದು ಬಾರ್‌ಗೆ, ಅಂದರೆ ನಾಲ್ಕು ಬಡಿತಕ್ಕೆ, ಸಿಗುವುದು 2.7 ಸೆಕೆಂಡು, 16 ಬಾರ್‌ನ ವರ್ಸ್ ಸುಮಾರು 43 ಸೆಕೆಂಡಿಗೆ ಮುಗಿದುಹೋಗುತ್ತದೆ. ಅಷ್ಟರಲ್ಲಿ 'ಹೋಗುತ್ತಿದ್ದೇನೆ' ಅಂತ ಪುಸ್ತಕದ ಕನ್ನಡ ತುರುಕಿದರೆ ಉಸಿರು ಸಾಲುವುದಿಲ್ಲ. 'ಹೋಗ್ತಿದೀನಿ' ಅಂದರೆ ಸಲೀಸು. ಎಂ.ಸಿ. ಬಿಜ್ಜು, ಗುಬ್ಬಿ, ರಾಹುಲ್ ಡಿಟ್-ಓ ಇಂಥ ರ್ಯಾಪರ್‌ಗಳ ಕನ್ನಡ ನನಗೆ ಇಷ್ಟವಾಗಲು ಇದೇ ಕಾರಣ: ಬೀದಿಯಲ್ಲಿ ಆಡುವ ಮಾತು ಬೀದಿಯ ವೇಗದಲ್ಲೇ ಬರುತ್ತದೆ.

ಆಡುಮಾತು ಅಂದಮೇಲೆ ಅದು ಹಾಡುವವನ ಊರಿನದಾಗಿರಬೇಕು. ಒಂದು ಸಲ ಉತ್ತರ ಕರ್ನಾಟಕದ ಧಾಟಿಯಲ್ಲಿ ಬಂದ ಹಾಡೊಂದನ್ನು ಆಫೀಸಿನ ಗೆಳತಿಗೆ ಕೇಳಿಸಿದೆ. ಅವಳು ಧಾರವಾಡದವಳು. ಅರ್ಧಕ್ಕೇ ಇಯರ್‌ಫೋನ್ ತೆಗೆದು, "ಇದು ನಮ್ ಕಡೆ ಮಾತಲ್ಲ ಬಿಡವಾ, ಸಿನಿಮಾ ನೋಡಿ ಕಲ್ತಾನ ಅಂವ" ಅಂದಳು. ನನಗೆ ಹೊಳೆದಿರದ ವಿಷಯ ಅವಳಿಗೆ ಎರಡು ಸಾಲಿನಲ್ಲಿ ಸಿಕ್ಕಿತ್ತು. ಅಂದಿನಿಂದ ಮಂಡ್ಯದ, ಹುಬ್ಬಳ್ಳಿಯ, ಮಂಗಳೂರಿನ ಧಾಟಿಯ ಹಾಡು ಬಂದರೆ ಆ ಕಡೆಯವರಿಗೆ ಕೇಳಿಸದೆ ನಾನು ಬರೆಯುವುದಿಲ್ಲ.

ವಸ್ತುವಿನ ಬಗ್ಗೆಯೂ ನನಗೆ ಗಟ್ಟಿ ಅಭಿಪ್ರಾಯ ಇದೆ. ಪ್ರತಿ ನವೆಂಬರ್‌ಗೆ ರಾಜ್ಯೋತ್ಸವದ ರ್ಯಾಪ್ ಸಾಲುಗಟ್ಟಿ ಬರುತ್ತದೆ. ಕಾವೇರಿ, ಕುವೆಂಪು, ಅಣ್ಣಾವ್ರು, ಹಳದಿ ಕೆಂಪು ಬಾವುಟ, ಎಲ್ಲದರಲ್ಲೂ ಅದೇ ಪಟ್ಟಿ. ಅಭಿಮಾನ ನನಗೂ ಇದೆ, ಆದರೆ ಪಟ್ಟಿ ಹಾಡಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಬಿಂದಿಗೆ ಹಿಡಿದು ಕಾದ ಬೀದಿಗಳು ಈ ಊರಿನಲ್ಲಿ ಎಷ್ಟಿದ್ದವು! ಪಿ.ಜಿ. ಬಾಡಿಗೆ, ಗಾರ್ಮೆಂಟ್ಸ್‌ಗೆ ಹೋಗುವ ತಾಯಿ, ರಾತ್ರಿ ಪಾಳಿ ಮುಗಿಸಿ ಬೆಳಗಿನ ಮೊದಲ ಬಸ್ಸು ಹಿಡಿಯುವ ಅಣ್ಣ, ಇವೆಲ್ಲ ಕನ್ನಡದಲ್ಲೇ ನಡೆಯುವ ಬದುಕು. ಕನ್ನಡದ ಹೆಮ್ಮೆಯನ್ನು ಘೋಷಣೆಯಾಗಿ ಕೂಗುವುದಕ್ಕಿಂತ ಇವನ್ನು ಕನ್ನಡದಲ್ಲಿ ಚೆನ್ನಾಗಿ ಹೇಳಿದ ಹಾಡಿಗೆ ನನ್ನ ಹೆಚ್ಚಿನ ಅಂಕ.

ಸದ್ದಿನ ವಿಚಾರ. ಎಸ್.ಪಿ. ರೋಡಿನಲ್ಲಿ ಕೊಂಡ ವೈರ್ ಇರುವ ಹೆಡ್‌ಫೋನ್ ಒಂದಿದೆ, ಮನೆಯಲ್ಲಿ ಅದರಲ್ಲಿ ಕೇಳುತ್ತೇನೆ. ಆಮೇಲೆ ಬೇಕೆಂದೇ ಫೋನಿನ ಸ್ಪೀಕರ್‌ನಲ್ಲಿ. ಟ್ರ್ಯಾಪ್ ಅನ್ನುವ ಬಗೆಯ ರ್ಯಾಪ್ ಹಾಡುಗಳಲ್ಲಿ ಬರುವ, ಡ್ರಮ್ ಮಷೀನಿನ ಹೆಸರು ಹೊತ್ತ 808 ಬೇಸ್‌ನ ತಳ ಸಾಮಾನ್ಯವಾಗಿ 40ರಿಂದ 60 ಹರ್ಟ್ಸ್ ಆಸುಪಾಸಿನಲ್ಲಿರುತ್ತದೆ, ಫೋನಿನ ಪುಟ್ಟ ಸ್ಪೀಕರ್‌ಗೆ ಅದನ್ನು ನುಡಿಸುವ ಶಕ್ತಿಯಿಲ್ಲ. ಒಳ್ಳೆಯ ಮಿಕ್ಸಿಂಗ್ ಮಾಡುವವರು ಬೇಸ್‌ಗೆ ಸ್ವಲ್ಪ ಒರಟುತನ ಸೇರಿಸುತ್ತಾರೆ, ಆಗ ತಳ ಕೇಳದಿದ್ದರೂ ಬೇಸ್‌ನ ನಡೆ ಕೇಳುತ್ತದೆ. ಹಾಗೆ ಮಾಡದ ಹಾಡು ಫೋನಿನಲ್ಲಿ ಟೊಳ್ಳಾಗುತ್ತದೆ, ನಮ್ಮ ಜನ ಹೆಚ್ಚಾಗಿ ಕೇಳುವುದು ಅದರಲ್ಲೇ. ಇನ್ನು ಕೆಲವರು ಹಾಡನ್ನು ಸಿಕ್ಕಾಪಟ್ಟೆ ಜೋರಾಗಿ ಮಾಸ್ಟರ್ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಮಾಡಿಸುತ್ತಾರೆ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರಿನ ಅಳತೆ) ಮಟ್ಟಕ್ಕೆ ತಂದು ನುಡಿಸುವುದರಿಂದ ಆ ಜೋರು ಅಲ್ಲಿ ಇಳಿದುಹೋಗುತ್ತದೆ. ಉಳಿಯುವುದು ಏರಿಳಿತ ಕಳೆದುಕೊಂಡು ಚಪ್ಪಟೆಯಾದ ಸದ್ದು ಮಾತ್ರ. ಅಲ್ಲೇ ಇನ್ನೊಂದು ಲೆಕ್ಕವೂ ಇದೆ. 30 ಸೆಕೆಂಡು ಕೇಳಿದರೆ ಒಂದು ಸ್ಟ್ರೀಮ್. ಅದಕ್ಕೇ ಈಚಿನ ಹಾಡುಗಳಲ್ಲಿ ಪೀಠಿಕೆಯೇ ಕಾಣೆಯಾಗಿ, ಹುಕ್, ಅಂದರೆ ಮತ್ತೆ ಮತ್ತೆ ಬರುವ ಸೆಳೆತದ ಸಾಲು, ಬಾಗಿಲಲ್ಲೇ ನಿಂತಿರುತ್ತದೆ. ನಿಧಾನಕ್ಕೆ ಶುರುವಾಗುವ ಧೈರ್ಯ ಮಾಡಿದ ಹಾಡು ಸಿಕ್ಕರೆ ನಾನು ಹತ್ತು ಜನಕ್ಕೆ ಕಳಿಸುತ್ತೇನೆ.

ಇಂಡೀ ಹಾಡುಗಳನ್ನು ಕೇಳುವಾಗ ನನ್ನ ಜೊತೆ ಅಮ್ಮ ಇರುತ್ತಾರೆ. ಅವರ ಕಿವಿ ಬೆಳೆದದ್ದು ಭಾವಗೀತೆಗಳ ಕ್ಯಾಸೆಟ್‌ನಲ್ಲಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದಿತು. ಆಮೇಲೆ ಸಿ. ಅಶ್ವತ್ಥ್ ಶರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದರು. ಸಿನಿಮಾದ ಹಂಗಿಲ್ಲದೆ ಜನ ದುಡ್ಡು ಕೊಟ್ಟು ಕೊಂಡ ಸಂಗೀತ ಅದು. ಕನ್ನಡದ ಇಂಡೀ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ ಅಂತ ನಾನು ವಾದಿಸುತ್ತೇನೆ. ರಘು ದೀಕ್ಷಿತ್ ಶರೀಫರ ಪದವನ್ನು ಗಿಟಾರ್ ಮತ್ತು ಪಿಟೀಲಿನ ಜೊತೆ ಹೊರದೇಶಗಳ ವೇದಿಕೆಗೆ ಒಯ್ದಾಗ, ಮೈಸೂರಿನಲ್ಲಿ 2002ರಲ್ಲಿ ಹುಟ್ಟಿದ ಸ್ವರಾತ್ಮ ತಂಡ ಜಾನಪದದ ಲಯವನ್ನು ರಾಕ್‌ಗೆ ತಂದಾಗ, ಆ ದಾರಿಯೇ ಮುಂದುವರಿಯಿತು.

ಅಮ್ಮನ ಪರೀಕ್ಷೆ ಒಂದೇ. "ಪದ ಕೇಳಿಸ್ತಿಲ್ಲವಲ್ಲೇ" ಅಂದರೆ ಹಾಡು ಬಿತ್ತು. ಹೊಸ ಇಂಡೀ ಹಾಡುಗಳಲ್ಲಿ ಇದು ಮೇಲಿಂದ ಮೇಲೆ ಆಗುತ್ತದೆ. ಪಿಸುದನಿಯಲ್ಲಿ ಹಾಡಿ, ಮೇಲೆ ರಿವರ್ಬ್ (ಮಾರ್ದನಿ) ಸುರಿದರೆ ಳಕಾರ ಲಕಾರವಾಗುತ್ತದೆ, ಣಕಾರ ನಕಾರವಾಗುತ್ತದೆ. ಅದಕ್ಕಿಂತ ನನ್ನನ್ನು ಕಾಡುವುದು ಹ್ರಸ್ವ ದೀರ್ಘಗಳ ಎಳೆದಾಟ. ಈಗ ಬಹಳ ಜನ ಮೊದಲು ಅರ್ಥವಿಲ್ಲದ ಉಲಿಯಲ್ಲಿ ಟ್ಯೂನ್ ಕಟ್ಟಿ, ಆಮೇಲೆ ಪದ ತುಂಬುತ್ತಾರೆ. ಟ್ಯೂನ್ ಎಳೆಯುವ ಕಡೆ 'ಮನ' ಅನ್ನುವ ಪದ ಬಿದ್ದರೆ ಅದು 'ಮಾನ' ಆಗಿಬಿಡುತ್ತದೆ. ಅನಂತಸ್ವಾಮಿಯವರಂಥವರ ಎದುರು ಕವಿತೆ ಮೊದಲೇ ಇತ್ತು, ರಾಗ ಅದಕ್ಕೆ ತಲೆಬಾಗುತ್ತಿತ್ತು. ಟ್ಯೂನ್ ಮೊದಲು ಕಟ್ಟುವುದು ತಪ್ಪಲ್ಲ, ಪದ ತುಂಬಿದ ಮೇಲೆ ಒಂದು ಸಲ ಟ್ಯೂನನ್ನು ತಿದ್ದುವ ತಾಳ್ಮೆ ಬೇಕು. ಸಂಜಿತ್ ಹೆಗ್ಡೆಯ ಸ್ವಂತ ಹಾಡುಗಳು ಬಂದಾಗ ಅಮ್ಮ ಅಡುಗೆಮನೆಯಿಂದಲೇ "ಇದು ಯಾರೇ ಹಾಡ್ತಿರೋದು?" ಅಂತ ಕೇಳುತ್ತಾರೆ. ಆ ದನಿಯಲ್ಲಿ ಎಷ್ಟೇ ಗಮಕವಿರಲಿ, ಪದ ಮುರಿಯುವುದಿಲ್ಲ.

ಸಾಧ್ಯವಾದರೆ ಹಾಡಿದವರನ್ನು ಎದುರಿಗೇ ಕೇಳುತ್ತೇನೆ. ಪಬ್‌ಗಳಲ್ಲಿ ಹಿಂದಿನಿಂದ ರೆಕಾರ್ಡ್ ಮಾಡಿದ ದನಿಯೇ ಓಡುತ್ತಿರುತ್ತದೆ, ಯಾರ ಉಸಿರು ಎಷ್ಟು ಅಂತ ತಿಳಿಯುವುದಿಲ್ಲ. ಕಬ್ಬನ್ ಪಾರ್ಕ್‌ನ ಮರದಡಿ ಹುಡುಗರು ಹುಡುಗಿಯರು ಸುತ್ತು ನಿಂತು ಸೈಫರ್ ನಡೆಸುವಾಗ ಎಲ್ಲ ಬಯಲು. ಒಬ್ಬ ಬಾಯಲ್ಲೇ ಬೀಟ್ ಹಾಕುತ್ತಾನೆ, ಉಳಿದವರು ಸರದಿಯಂತೆ. ಅಲ್ಲಿ 16 ಬಾರ್ ತಡವರಿಸದೆ ಹೇಳಿದವರ ಹೆಸರನ್ನು ನಾನು ಬರೆದಿಟ್ಟುಕೊಳ್ಳುತ್ತೇನೆ, ಅವರ ರೆಕಾರ್ಡ್ ಬರುವುದನ್ನು ಕಾಯುತ್ತೇನೆ.

ವಾರದ ಕೊನೆಗೆ ಬರೆಯುತ್ತೇನೆ. ಹೆಸರಾಂತರಾದರೆ ನೇರವಾಗಿ, ಎಲ್ಲರೂ ಓದುವಂತೆ. ಮೊದಲ ಹಾಡು ಬಿಟ್ಟ ಹುಡುಗರಾದರೆ ಕೊರತೆಗಳನ್ನು ಅವರಿಗೇ ಮೆಸೇಜ್ ಮಾಡುತ್ತೇನೆ, ಇಂಥ ನಿಮಿಷ ಇಂಥ ಸೆಕೆಂಡು ಅಂತ ಗುರುತು ಹಾಕಿ. 'ಇಷ್ಟ ಆಗಲಿಲ್ಲ' ಅನ್ನುವುದರಿಂದ ಅವರಿಗೆ ಏನೂ ಸಿಗದು. 'ಎರಡನೇ ವರ್ಸ್‌ನ ಮೂರನೇ ಸಾಲಲ್ಲಿ ಉಸಿರು ತುಂಡಾಗಿದೆ' ಅಂದರೆ ಸಿಗುತ್ತದೆ. ಹೀಗೆ ಬರೆದಿದ್ದಕ್ಕೆ ಒಬ್ಬ ಹುಡುಗ, "ಹೌದಕ್ಕ, ಅಲ್ಲಿ ಪಂಚ್-ಇನ್ ಮಾಡಿದ್ದು, ಸರಿಯಾಗಿ ಸೇರ್ಲಿಲ್ಲ" ಅಂತ ಉತ್ತರಿಸಿದ. ಪಂಚ್-ಇನ್ ಅಂದರೆ ಒಂದು ತುಂಡನ್ನು ಬೇರೆಯಾಗಿ ರೆಕಾರ್ಡ್ ಮಾಡಿ ನಡುವೆ ಸೇರಿಸುವುದು. ಮುಂದಿನ ಹಾಡಿನ ಸಾಹಿತ್ಯವನ್ನು ರೆಕಾರ್ಡ್‌ಗೆ ಮೊದಲೇ ಕಳಿಸಿದ. ನಾನು ಎಂದಿನಂತೆ ಕೊನೆಯ ಪದಗಳಿಗೆ ಗೆರೆ ಎಳೆದು, ಒಂದು ಸಾಲು ಬರೀ ಕ್ರಿಯಾಪದದ ಬಾಲದಲ್ಲಿ ನಿಂತಿದೆ, ಬದಲಿಸು ಅಂದೆ. "ಬೇರೆ ಎಲ್ಲಾ ಬದಲಾಯಿಸ್ತೀನಕ್ಕ, ಅದೊಂದು ಇರ್ಲಿ. ಅದು ನಮ್ಮಪ್ಪ ಹೇಳ್ತಿದ್ದ ಮಾತು, ಅವ್ರು ಹಾಗೇ ಹೇಳ್ತಿದ್ರು" ಅಂದ. ಹಾಡು ಆ ಸಾಲಿನೊಂದಿಗೇ ಹೊರಬಂತು. ಪ್ರಾಸದ ಲೆಕ್ಕದಲ್ಲಿ ಅದು ಇಡೀ ಹಾಡಿನ ಅತಿ ಸುಲಭದ ಸಾಲು, ಅವನ ದನಿ ನಿಜವಾಗಿ ನಡುಗುವುದೂ ಅಲ್ಲೇ. ಆ ಹಾಡಿನ ಬಗ್ಗೆ ಬರೆದಾಗ ನಾನು ಮೊದಲು ಮೆಚ್ಚಿ ಹೇಳಿದ್ದು ಅದೇ ಸಾಲನ್ನು.